ದೇವಿಯ ಮುಂದೆ ಹಾಕಿದ ಟೈಸ್

ಟೈಸ್ ಹಾಕುವವರನ್ನು ಯಾರೂ ನಂಬುವುದಿಲ್ಲ. ಇದನ್ನು ಬೇಸರದಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಸ್ವಲ್ಪ ಬೇಸರವೂ ಇದೆ ಅನ್ನಿ. ಹೊಸನಗರ ತಾಲ್ಲೂಕಿನ ಹೈಸ್ಕೂಲಿನಲ್ಲಿ ಆಟದ ಟೀಚರಾಗಿದ್ದು ನಿವೃತ್ತಳಾಗಿ ಈಗ ಸಾಗರದಲ್ಲಿದ್ದೇನೆ. ಇನ್ನು ಸೀಟಿ ಊದುವ ಕರ್ಮ ತಪ್ಪಿತು ಎಂದುಕೊಂಡಿದ್ದೆ, ತಪ್ಪಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಎಲ್ಲಿ ಹೆಂಗಸರ ಥ್ರೋಬಾಲ್ ಪಂದ್ಯಾವಳಿ ನಡೆದರೂ "ಮೇಡಂ, ನೀವೇ ಬಂದು ಟೈಸ್ ಹಾಕ್ಕೊಡ್ಬೇಕು" ಎಂದು ಫೋನ್ ಬರುತ್ತದೆ. ಮೊದಲ ಸುತ್ತಿನಲ್ಲಿ ಯಾರ ಮೇಲೆ ಯಾರು, ಗೆದ್ದವರಿಗೆ ಮುಂದೆ ಎದುರಾಳಿ ಯಾರು, ಹೀಗೆ ಫೈನಲ್ಲಿನವರೆಗೆ ಗೀಟು ಎಳೆದು ಗೋಡೆಗೆ ಅಂಟಿಸುವ ಕೆಲಸ ಅದು. ಒಮ್ಮೆ ಸೋತವರು ಅಲ್ಲಿಗೇ ಮನೆಗೆ.

ಕೆಲಸ ಸುಲಭದ್ದಾಗುತ್ತಿತ್ತು, ತಂಡಗಳು ಲೆಕ್ಕಕ್ಕೆ ಸರಿಯಾಗಿ ಬಂದಿದ್ದರೆ. ಮೂವತ್ತೆರಡು ಬರಲಿ, ಅರವತ್ತನಾಲ್ಕು ಬರಲಿ, ಜೋಡಿ ಮಾಡಿ ಕೈತೊಳೆದುಕೊಳ್ಳಬಹುದು. ಅವರು ಬರುವುದು ಐವತ್ತು ಚಿಲ್ಲರೆ. ಆಗ ಕೆಲವು ತಂಡಗಳಿಗೆ ಮೊದಲ ಸುತ್ತು ಆಡದೆಯೇ ಎರಡನೆಯದಕ್ಕೆ ದಾಟುವ ಭಾಗ್ಯ ಸಿಗುತ್ತದೆ. ಅದಕ್ಕೆ ನಮ್ಮಲ್ಲಿ ಬೈ ಅನ್ನುತ್ತೇವೆ. ಬೈ ಸಿಕ್ಕವರು ಅದು ತಮ್ಮ ಯೋಗ್ಯತೆ ಎಂದುಕೊಳ್ಳುತ್ತಾರೆ. ಸಿಗದವರು ನನ್ನ ಮುಖ ನೋಡುತ್ತಾರೆ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅನ್ನುವ ಗಾದೆ ಮಾಡಿದವನು ಎಲ್ಲೋ ಟೈಸ್ ಹಾಕಿರಬೇಕು.

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಊರಿದೆ. ಅಲ್ಲಿನ ದೇವಸ್ಥಾನದ ಎದುರಿನ ಬಯಲಿನಲ್ಲಿ ಪ್ರತಿ ವರ್ಷ ದೊಡ್ಡ ಪಂದ್ಯಾವಳಿ ನಡೆಯುತ್ತದೆ. ಒಂದು ವರ್ಷ ಆ ಊರಿನ ತಂಡ ಮೊದಲ ಸುತ್ತಿನಲ್ಲೇ ಸೋತು, "ಸಾಗರದ ಮೇಡಂ ಬೇಕು ಅಂತಲೇ ಬಲವಾದ ಟೀಮಿನ ಮೇಲೆ ಹಾಕಿದ್ರು" ಎಂದು ಗಲಾಟೆ ಆಯಿತು. ನಾನು ಮುಂದಿನ ಸಲ ಬರುವುದಿಲ್ಲ ಎಂದೆ. ಮುಂದಿನ ಸಲ ಸಮಿತಿಯ ಅಧ್ಯಕ್ಷರೇ ಫೋನ್ ಮಾಡಿದರು. ದೇವಸ್ಥಾನದ ಮೊಕ್ತೇಸರರೂ ಅವರೇ.

"ಈ ಸಲ ಚೀಟಿ ದೇವಿ ಮುಂದೆ ಎತ್ತೋಣ ಮೇಡಂ. ಬಂದಂಗೆ ನೀವು ಬರ್ಕೊಳ್ಳಿ, ಅಷ್ಟೆ. ಆಮೇಲೆ ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ."

ನನಗೆ ಆ ಮಾತು ಇಷ್ಟವಾಯಿತು. ನಾನು ದೇವರಿಗೆ ದಿನಾ ದೀಪ ಹಚ್ಚುವವಳಲ್ಲ, ಆದರೆ ಬೈಗುಳ ತಿನ್ನಲು ನನ್ನ ಬದಲು ಇನ್ನೊಬ್ಬರು ಕೂರುತ್ತಾರೆ ಎಂದರೆ ಯಾರು ಬೇಡ ಅನ್ನುತ್ತಾರೆ? ಒಪ್ಪಿದೆ.

ಅದೇ ವಾರ ಇನ್ನೊಂದು ಫೋನ್ ಬಂತು. ಮಾಸ್ತಿಕಟ್ಟೆಯ ಆಚೆ ಕಡೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಹುಡುಗಿ ಅನ್ನುವುದು ನನ್ನ ರೂಢಿ, ಮೂವತ್ತು ದಾಟಿದೆ. ಎಡಗೈಯವಳು. ಹೈಸ್ಕೂಲಿನಲ್ಲಿದ್ದಾಗ ಅವಳು ಸರ್ವಿಸ್ ಮಾಡಿದರೆ ಚೆಂಡು ಯಾವ ಮೂಲೆಗೆ ಹೋಗುತ್ತದೆ ಎಂದು ನಿಂತವರಿಗೆ ಗೊತ್ತಾಗುತ್ತಿರಲಿಲ್ಲ. ಓದು ಮುಗಿಸಿದ್ದೇ ಮದುವೆ ಮಾಡಿದರು. ಕೊಟ್ಟಿದ್ದು ಇದೇ ಊರಿಗೆ, ಈ ದೇವಸ್ಥಾನದ ಊರಿಗೆ. ಕೆಲವು ವರ್ಷ ಇದ್ದಳು. ಒಂದು ದಿನ ಒಬ್ಬಳೇ ಹೊರಟು ತವರಿಗೆ ಬಂದಳು, ಮತ್ತೆ ಹೋಗಲಿಲ್ಲ. ಕಾರಣ ಕೇಳಿದವರಿಗೆಲ್ಲ ಊರವರು ಒಂದೊಂದು ಕಾರಣ ಕೊಟ್ಟರು. ಅವಳು ನನಗೆ ಹೇಳಿದ್ದು "ಇರಕ್ಕಾಗ್ಲಿಲ್ಲ ಮೇಡಂ" ಎಂದಷ್ಟೆ. ಈಗ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ, ಉಳಿದ ದಿನ ಬಟ್ಟೆ ಹೊಲಿಯುತ್ತಾಳೆ. ತನ್ನ ಜೊತೆ ಅಡಿಕೆ ಸುಲಿಯುವ ಹೆಂಗಸರನ್ನೇ ಕೂಡಿಸಿ ತಂಡ ಕಟ್ಟಿದ್ದಳು.

"ಟೀಮಿನ ಹೆಸರು ಕೊಟ್ಟಾಯ್ತು ಮೇಡಂ. ಅದೇ ಊರಲ್ದಾ?" ಎಂದಳು.

"ಅದೇ ಊರು. ಬೇಡ ಅನ್ನಿಸಿದ್ರೆ ಹೇಳು, ಮುಂದಿನ ತಿಂಗಳು ಆನಂದಪುರದಲ್ಲೂ ಒಂದು ಟೂರ್ನಮೆಂಟ್ ಇದೆ."

"ಬೇಡ ಅನ್ನಿಸ್ತಿಲ್ಲ. ಆ ಊರಿಂದ ಬರೋವಾಗ ಯಾರಿಗೂ ಕಾಣ್ಬಾರ್ದು ಅಂತ ಗದ್ದೆ ಅಂಚಲ್ಲಿ ಬಂದಿದ್ದೆ. ಒಂದ್ಸಲ ಎಲ್ರೂ ನೋಡೋ ಹಂಗೆ ಹೋಗ್ಬೇಕು. ಗೆಲ್ಲದೇ ಇದ್ರೂ ಅಡ್ಡಿಲ್ಲ. ಆ ಬಯಲಲ್ಲಿ ನಿಂತು ಆಡ್ಬೇಕು, ಅಷ್ಟೆ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ನನಗೆ ಖುಷಿಯಾಗಿತ್ತು. ನಾನು ಕಲಿಸಿದ ಹುಡುಗಿಯರಲ್ಲಿ ಬಹಳಷ್ಟು ಮಂದಿ ಮದುವೆಯಾದ ಮೇಲೆ ಚೆಂಡು ಮುಟ್ಟಿದವರಲ್ಲ.

ಚೀಟಿ ಎತ್ತಿದ್ದು ಪಂದ್ಯಾವಳಿಯ ಹಿಂದಿನ ದಿನ, ಮಧ್ಯಾಹ್ನದ ಮಹಾಪೂಜೆಗೆ ಮುಂಚೆ. ತಂಡಗಳ ಹೆಸರು ಬರೆದು ಸುರುಳಿ ಸುತ್ತಿದ ಚೀಟಿಗಳನ್ನು ಸಮಿತಿಯ ಕಾರ್ಯದರ್ಶಿ ತಂದರು. ಅಂಗಡಿ ಇಟ್ಟುಕೊಂಡಿರುವ ಗಡಿಬಿಡಿಯ ಮನುಷ್ಯ. ಅರ್ಚಕರು ಅವನ್ನೆಲ್ಲ ಹಿತ್ತಾಳೆಯ ತಂಬಿಗೆಗೆ ಸುರಿದು, ಮೇಲೆ ತೇದ ಗಂಧ, ನಾಲ್ಕು ಹೂವು ಹಾಕಿ ದೇವಿಯ ಪಾದದ ಹತ್ತಿರ ಇಟ್ಟು ತಂದರು. ಎತ್ತಿ ಕೊಡಲು ಊರಿನ ಹಿರಿಯ ಮುತ್ತೈದೆಯೊಬ್ಬರನ್ನು ಕೂರಿಸಿದ್ದರು. ತಂಬಿಗೆಯ ಕುತ್ತಿಗೆ ಕಿರಿದು, ಒಳಗೆ ಏನಿದೆ ಎಂದು ಕಾಣುವುದಿಲ್ಲ. ಅದಕ್ಕೇ ಅದನ್ನು ಆರಿಸಿದ್ದು. ಅಜ್ಜಿ ಕಣ್ಣು ಮುಚ್ಚಿ ಒಂದೊಂದೇ ತೆಗೆಯುವುದು, ಕಾರ್ಯದರ್ಶಿ ಓದುವುದು, ನಾನು ನೆಲಕ್ಕೆ ಹಾಸಿದ ದೊಡ್ಡ ಹಾಳೆಯಲ್ಲಿ ಬರೆಯುವುದು. ಬೈಗಳ ಜಾಗಕ್ಕೆ ನಾನು ಮೊದಲೇ ಗೀಟು ಹಾಕಿ ತಂದಿದ್ದೆ.

ಅಜ್ಜಿ ಕೈಯಾಡಿಸಿ "ಮುಗೀತು" ಎಂದರು. ನನ್ನ ಹಾಳೆಯಲ್ಲಿ ಒಂದು ಜಾಗ ಖಾಲಿ ಉಳಿದಿತ್ತು.

"ಒಂದು ಕಮ್ಮಿ ಬಂತಲ್ಲ" ಎಂದೆ.

"ಒಂದು ಟೀಮು ಬರಲ್ಲ ಅಂತ ಫೋನ್ ಮಾಡಿದ್ರು ಮೇಡಂ, ಮಾಸ್ತಿಕಟ್ಟೆ ಕಡೆಯೋರು. ಅದೇ ಇರ್ಬೇಕು" ಎಂದರು ಕಾರ್ಯದರ್ಶಿ.

ಮಾಸ್ತಿಕಟ್ಟೆ ಕಡೆ ಎಂದಾಗ ನಾನು ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದೆ. ನನ್ನ ಹುಡುಗಿಯ ತಂಡದ ಹೆಸರಿರಲಿಲ್ಲ. ಕೊನೆಗೂ ಧೈರ್ಯ ಸಾಲಲಿಲ್ಲ ಅವಳಿಗೆ ಎಂದುಕೊಂಡೆ. ಫೋನ್ ಮಾಡಿದೆ, ಸಿಗಲಿಲ್ಲ. ಅವಳ ಊರಿನಲ್ಲಿ ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ಅಷ್ಟರಲ್ಲಿ ಮಂಗಳಾರತಿಯ ಗಂಟೆ ಬಾರಿಸಿದರು, ಎಲ್ಲರೂ ಎದ್ದು ನಿಂತರು. ಖಾಲಿ ಜಾಗದ ಎದುರಿಗಿದ್ದದ್ದು ಆತಿಥೇಯ ಊರಿನದೇ ತಂಡ. ಅವರಿಗೆ ಬೈ ಸಿಕ್ಕಂತಾಯಿತು. "ದೇವಿ ತನ್ನ ಮಕ್ಕಳನ್ನ ನೋಡ್ಕೊಂಡ್ಲು" ಎಂದು ಅಜ್ಜಿ ಕೈಮುಗಿದರು. ಅಧ್ಯಕ್ಷರು ಗರ್ಭಗುಡಿಯ ಎದುರು ನಿಂತು, ಇಲ್ಲಿ ಬಂದದ್ದೇ ಕೊನೆ, ಇದನ್ನು ಬದಲಾಯಿಸುವುದಿಲ್ಲ ಎಂದು ಎಲ್ಲರ ಪರವಾಗಿ ಹೇಳಿದರು. ಆಗ ನನಗೆ ಅದು ಒಳ್ಳೆಯ ಏರ್ಪಾಡು ಎಂದೇ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ನಾನು ಬಯಲಿನ ಪಕ್ಕದ ಶಾಲೆಯ ಗೋಡೆಗೆ ಹಾಳೆ ಅಂಟಿಸುತ್ತಿದ್ದೆ. ಮೊದಲ ಬಸ್ಸು ಬಂದು ನಿಂತಿತು. ಅದರಿಂದ ನೀಲಿ ಟೀಶರ್ಟ್ ಹಾಕಿದ ಹೆಂಗಸರು ಇಳಿದರು. ಕೆಲವರದ್ದು ಕೆಳಗೆ ಚೂಡಿದಾರದ ಪ್ಯಾಂಟು, ಒಬ್ಬರದ್ದು ಮಗನ ಟ್ರ್ಯಾಕ್ ಪ್ಯಾಂಟು. ಎಲ್ಲರ ಬೆರಳೂ ಅಡಿಕೆಯ ಚೊಗರಿಗೆ ಕಪ್ಪಾಗಿದ್ದವು. ಮುಂದೆ ಅವಳಿದ್ದಳು. ರಸ್ತೆಯ ನಡುವಿನಲ್ಲೇ, ಅಂಗಡಿಯ ಜಗುಲಿಯಲ್ಲಿ ಕೂತವರನ್ನೆಲ್ಲ ನೇರ ನೋಡಿಕೊಂಡು ನಡೆದು ಬಂದಳು. ಟೀಶರ್ಟಿಗೆ ಅವಳೇ ಕುತ್ತಿಗೆಪಟ್ಟಿ ಹೊಲಿದಿದ್ದಳಂತೆ.

"ಬರಲ್ಲ ಅಂದಿದ್ರಂತಲ್ಲ?" ಎಂದೆ.

"ಯಾರು ಅಂದ್ರು ಮೇಡಂ?" ಎಂದು ಅವಳು ಹಾಳೆಯ ಹತ್ತಿರ ಹೋದಳು. ಹೆಸರು ಹುಡುಕಿದಳು. ಇನ್ನೊಮ್ಮೆ ಹುಡುಕಿದಳು. ಅವಳ ಹಿಂದೆ ನಿಂತ ಹೆಂಗಸರೂ ಬಗ್ಗಿ ಹುಡುಕಿದರು.

ಕಾರ್ಯದರ್ಶಿಯನ್ನು ಕರೆಸಿದೆ. ಅವರು ಮೊಬೈಲ್ ತೆಗೆದು ಹಿಂದೆ ಮುಂದೆ ನೋಡಿ ತಲೆ ಕೆರೆದುಕೊಂಡರು. ಬರುವುದಿಲ್ಲ ಎಂದಿದ್ದು ಮಾಸ್ತಿಕಟ್ಟೆ ಕಡೆಯದೇ ಬೇರೆ ತಂಡ. ಅದನ್ನು ಅವರು ನನಗೆ ಲೆಕ್ಕ ಕೊಡುವ ಮೊದಲೇ ಕೈಬಿಟ್ಟಿದ್ದರು, ಅದಕ್ಕೆ ಚೀಟಿಯನ್ನೂ ಬರೆದಿರಲಿಲ್ಲ. ಬಿಟ್ಟದ್ದನ್ನು ಮರೆತು ಇನ್ನೊಮ್ಮೆ ಬಿಟ್ಟಿದ್ದರು. "ಆದ್ರೆ ಇವ್ರ ಚೀಟಿ ನಾನು ಬರ್ದಿದ್ದೆ ಮೇಡಂ, ದೇವರಾಣೆ" ಎಂದರು.

ಆ ಚೀಟಿ ಎಲ್ಲಿ ಹೋಯಿತು ಎಂದು ನಾವು ಮಾತಾಡುತ್ತಿರುವಾಗಲೇ ಅರ್ಚಕರ ಹೆಂಡತಿ ದೇವಸ್ಥಾನದ ಹಿಂದಿನಿಂದ ಬಂದರು. ಕೈಯಲ್ಲಿ ಹುಣಸೆಹಣ್ಣಿನ ಸಿಪ್ಪೆ, ಸೆರಗು ಒದ್ದೆ. ಅವರದ್ದೂ ನಮ್ಮ ಮನೆಯದ್ದೂ ಒಂದೇ ಮಾತು, ಹವ್ಯಕ ಕನ್ನಡ, ಅದಕ್ಕೇ ನನ್ನ ಹತ್ತಿರವೇ ಬಂದರು.

"ಇಲ್ಲಿ ನೋಡೇ ತಂಗಿ. ತಂಬಿಗೆ ತಿಕ್ಕಲೆ ಹೋದ್ರೆ ಅಡಿಯಲ್ಲಿ ಇದು ಅಂಟ್ಕಂಡಿದ್ದು. ಎಂಗೆ ಕನ್ನಡಕ ಇಲ್ದೆ ಓದಲೆ ಬತ್ತಿಲ್ಲೆ."

ಬಿಡಿಸಿದೆ. ಗಂಧದಲ್ಲಿ ನೆನೆದು ಒಣಗಿ ಗಟ್ಟಿಯಾಗಿತ್ತು, ಶಾಯಿ ಹರಡಿತ್ತು, ಹೆಸರು ಓದಬಹುದಿತ್ತು. ನನ್ನ ಹುಡುಗಿಯ ತಂಡದ್ದೇ.

ನನಗೆ ನಿರಾಳವಾಯಿತು. ತಪ್ಪು ಎಲ್ಲಿ ಎಂದು ಗೊತ್ತಾಯಿತು, ಸರಿಮಾಡುವುದೂ ಗೊತ್ತಿತ್ತು. ಖಾಲಿ ಜಾಗ ಇವರದ್ದೇ. ಅಲ್ಲಿ ಹೆಸರು ಬರೆದರೆ ಆತಿಥೇಯ ಊರಿನ ತಂಡಕ್ಕೆ ಬೈ ಇಲ್ಲ, ಇವರ ಮೇಲೆ ಆಡಬೇಕು, ಅಷ್ಟೆ. ಪೆನ್ನಿನ ಮುಚ್ಚಳ ತೆಗೆದಿದ್ದೆ. ಅಧ್ಯಕ್ಷರು ಬಂದು ಕೈ ಅಡ್ಡ ಹಿಡಿದರು.

"ತಡೀರಿ ಮೇಡಂ. ದೇವಿ ಮುಂದೆ ನಿಂತು ಬದಲಾಯ್ಸಲ್ಲ ಅಂತ ಹೇಳ್ಬಿಟ್ಟಿದೀನಿ."

"ಬದಲಾಯ್ಸ್ತಿಲ್ಲ. ಉಳಿದಿದ್ದನ್ನ ತುಂಬ್ತಿದೀನಿ."

"ಈಗ ಇದನ್ನ ತುಂಬಿದ್ರೆ ಸೋತವ್ರೆಲ್ಲ ಬಂದು ನಮ್ಮದನ್ನೂ ಬದಲಾಯ್ಸಿ ಅಂತಾರೆ. ಇಷ್ಟಕ್ಕೂ ತಂಬಿಗೆಲಿ ಉಳೀತು ಅಂದ್ರೆ..."

ಅವರು ಮಾತು ಮುಗಿಸಲಿಲ್ಲ. ಮುಗಿಸಿದ್ದು ಅಜ್ಜಿ. ತಾನು ಸರಿಯಾಗಿ ನೋಡಲಿಲ್ಲ ಎಂದು ಯಾರಾದರೂ ಹೇಳಿಯಾರು ಎಂಬ ಹೆದರಿಕೆ ಅವರಿಗೆ. ಅದು ನನಗೆ ಅರ್ಥವಾಗುತ್ತದೆ. ವಯಸ್ಸಾದವರು, ದೇವರ ಕೆಲಸಕ್ಕೆ ಕೂತವರು.

"ನಾನು ತಳ ತಡಕಿ ನೋಡಿದ್ದೆ. ಕೈಗೆ ಎಂತದೂ ಸಿಗ್ಲಿಲ್ಲ" ಎಂದರು. "ಸಿಗ್ಲಿಲ್ಲ ಅಂದ್ರೆ ಅವಳು ಕೊಡ್ಲಿಲ್ಲ. ನನ್ನ ಕೈ ಎಂತ ಮಾಡ್ತದೆ?"

ಇಷ್ಟೇ ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ದೇವಿ ಒಂದು ಚೀಟಿಯನ್ನು ಕೊಡದೆ ಹಿಡಿದಿಟ್ಟುಕೊಂಡಳು ಎಂದಮೇಲೆ ಯಾಕೆ ಎಂದು ಕೇಳಬೇಕಲ್ಲ. ಆ ತಂಡದಲ್ಲಿ ಯಾರಿಗೋ ಮೈಲಿಗೆ ಇರಬಹುದು ಎಂದರು ಒಬ್ಬರು. ಹರಕೆ ಬಾಕಿ ಇರಬಹುದು ಎಂದರು ಇನ್ನೊಬ್ಬರು. ನೀಲಿ ಟೀಶರ್ಟಿನವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಬಂದ ಕಣ್ಣುಗಳು ಅವಳ ಹತ್ತಿರ ನಿಂತವು.

"ಇದು ಅವಳಲ್ದನಾ? ಬಿಟ್ಟು ಹೋದವಳು?"

ದನಿ ತಗ್ಗಿಸಿಯೇ ಅಂದದ್ದು. ಎಲ್ಲರಿಗೂ ಕೇಳಿಸಿತು. ಆಮೇಲೆ ಮಾತು ತಾನಾಗಿ ಹರಿಯಿತು. ಗಂಡನ ಮನೆ ಹೊಸಿಲು ದಾಟಿ ಹೋಗುವಾಗ ದೇವಿಗೆ ಕೈಮುಗಿಯದೆ ಹೋದವಳಂತೆ. ಈಗ ಪ್ಯಾಂಟು ಹಾಕಿಕೊಂಡು ಅದೇ ದೇವಿಯ ಬಯಲಿಗೆ ಆಡಲು ಬಂದಿದ್ದಾಳೆ. ದೇವಿ ಸುಮ್ಮನಿರುತ್ತಾಳೆಯೇ? ಯಾರೂ ಕೂಗಾಡಲಿಲ್ಲ, ಯಾರೂ ಅವಳನ್ನು ಬೈಯಲಿಲ್ಲ. ಒಂದು ಲೆಕ್ಕ ಸರಿಹೋದಾಗ ಜನರಿಗೆ ಆಗುವ ಸಮಾಧಾನ ಅವರ ಮುಖದಲ್ಲಿತ್ತು. ನನಗೆ ಸಿಟ್ಟು ಬಂದದ್ದು ಆ ಸಮಾಧಾನಕ್ಕೇ.

ಅಧ್ಯಕ್ಷರು ಕೆಟ್ಟ ಮನುಷ್ಯ ಅಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಒಂದು ದಾರಿ ಹೇಳಿದರು. "ಅವಳೊಬ್ಳು ಹೊರಗೆ ಕೂರ್ಲಿ ಮೇಡಂ. ಉಳಿದವ್ರು ಆಡ್ಲಿ. ನಾನು ದೇವಿಗೆ ಒಂದು ತಪ್ಪುಕಾಣಿಕೆ ಹಾಕಿ ಬರ್ತೀನಿ. ಎಲ್ರಿಗೂ ಸಮಾಧಾನ ಆಗ್ತದೆ."

"ನಂಗೆ ಆಗಲ್ಲ" ಎಂದೆ. "ಚೀಟಿ ಗಂಧಕ್ಕೆ ಅಂಟಿತ್ತು. ನಿಮ್ಮ ಊರಿನ ತಂಡದ್ದು ಅಂಟಿದ್ರೆ ಹಿಂಗೆ ಹೇಳ್ತಿದ್ರಾ? ಆಗ ದೇವಿ ಪ್ರೀತಿಯಿಂದ ಹತ್ರ ಇಟ್ಕೊಂಡ್ಲು ಅಂತಿದ್ರಿ."

ಅಷ್ಟಕ್ಕೇ ಬಿಡಲಿಲ್ಲ. ಈ ತಂಡ ಅವಳ ಸಮೇತ ಆಡುವುದಾದರೆ ನಾನು ಇರುತ್ತೇನೆ, ಇಲ್ಲವಾದರೆ ಈ ಹಾಳೆ ಹರಿದು ಸೀಟಿ ತೆಗೆದುಕೊಂಡು ಸಾಗರದ ಬಸ್ಸು ಹತ್ತುತ್ತೇನೆ, ಇಷ್ಟೂ ತಂಡಗಳಿಗೆ ನೀವೇ ಸಮಾಧಾನ ಹೇಳಿ ಎಂದೆ. ಬರಬೇಕಾಗಿದ್ದ ಅಂಪೈರ್ ಒಬ್ಬರು ಬಂದಿರಲಿಲ್ಲ, ಅದೂ ನನಗೆ ಗೊತ್ತಿತ್ತು. ಬಯಲಿನಲ್ಲಿ ಹೆಂಗಸರು ಆಗಲೇ ಚೆಂಡು ಎಸೆದಾಡುತ್ತಿದ್ದರು, ಮೈಕಿನವನು ಹಲೋ ಹಲೋ ಅನ್ನುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಈ ಸಲ ಅರ್ಚಕರೇ ಒಳಗಿನಿಂದ ಬಂದು, "ಚೀಟಿ ಅಂಟಿದ್ದಕ್ಕೆಲ್ಲ ದೇವಿಯನ್ನ ಎಳೀಬೇಡಿ, ಗಂಧ ನಾನೇ ಗಟ್ಟಿ ಹಾಕಿದ್ದೆ" ಎಂದರು. ಅಧ್ಯಕ್ಷರು ಅಜ್ಜಿಯ ಮುಖ ನೋಡಿದರು, ಬಯಲು ನೋಡಿದರು, ಕೊನೆಗೆ "ಬರ್ಕೊಳ್ಳಿ" ಎಂದರು.

ಖಾಲಿ ಜಾಗದಲ್ಲಿ ಅವರ ಹೆಸರನ್ನು ಉಳಿದೆಲ್ಲ ಹೆಸರಿಗಿಂತ ದಪ್ಪಗೆ ಬರೆದೆ. ಗೆದ್ದೆ ಎಂದುಕೊಂಡು ಅವಳನ್ನು ಹುಡುಕಿದೆ.

ಅವಳು ಶಾಲೆಯ ಕೊಳವೆಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಟೀಶರ್ಟಿನ ಮೇಲೆ ಶಾಲು ಹೊದ್ದುಕೊಂಡಿದ್ದಳು. ಬೆಳಿಗ್ಗೆ ಬರುವಾಗ ಅದು ಇರಲಿಲ್ಲ.

"ಏಳು. ನಿಮ್ಮದೇ ಪಂದ್ಯ, ಎರಡನೇ ಅಂಕಣ" ಎಂದೆ.

"ನಾನು ಹೊರಗಿರ್ತೀನಿ ಮೇಡಂ."

"ಅವರು ಅಂದದ್ದಕ್ಕಾ? ಒಪ್ಪಿಸಿ ಬಂದಿದೀನಿ. ಇನ್ನು ಯಾರೂ ಎಂತದೂ ಅನ್ನಲ್ಲ."

"ಅವ್ರು ಅನ್ನೋದು ಹೊಸದಲ್ಲ. ಅದಕ್ಕೆ ತಯಾರಾಗೇ ಬಂದಿದ್ದೆ." ಅವಳು ಬೆರಳಿನ ಕಪ್ಪನ್ನು ಉಜ್ಜಿಕೊಂಡಳು. "ಅಷ್ಟು ಚೀಟಿಲಿ ನಂದೇ ಯಾಕೆ ಮೇಡಂ?"

"ಯಾರದ್ದಾದ್ರೂ ಅಂಟ್ತಿತ್ತು. ಅಂಟಿದವ್ರು ಯಾರೇ ಆದ್ರೂ ಹಿಂಗೇ ಕೇಳ್ತಿದ್ರು."

"ಇಲ್ಲ ಮೇಡಂ. ಬೇರೆಯವ್ರು ಕೇಳ್ತಿರ್ಲಿಲ್ಲ. ಅವ್ರಿಗೆ ಕೇಳ್ಕೊಳ್ಳೋ ಅಂಥದ್ದು ಎಂತ ಇರ್ತದೆ?"

ನನ್ನ ವಾದವನ್ನೆಲ್ಲ ಅಧ್ಯಕ್ಷರ ಮೇಲೆ ಖರ್ಚು ಮಾಡಿ ಬಂದಿದ್ದೆ. ನಿನ್ನ ಎಡಗೈ ಇಲ್ಲದೆ ನಿಮ್ಮ ತಂಡಕ್ಕೆ ಸರ್ವಿಸೇ ಇಲ್ಲ ಎಂದೆ. ಇದಕ್ಕಾಗಿಯೇ ಬಂದೆ ಎಂದವಳು ನೀನೇ ಎಂದೆ. ಗದರಿದೆ ಕೂಡ, ಹೈಸ್ಕೂಲಿನಲ್ಲಿ ಗದರುತ್ತಿದ್ದ ಹಾಗೆ. ಅವಳು ಗದರಿಸಿಕೊಂಡಳು.

"ನಾನು ಒಳಗೆ ನಿಂತು ಸೋತ್ರೆ ಇವ್ರೆಲ್ಲ ನನ್ನಿಂದ ಸೋತಂಗಾಗ್ತದೆ. ಕೆಲಸ ಬಿಟ್ಟು, ಮನೇಲಿ ಹೇಳ್ಸ್ಕೊಂಡು ಬಂದಿದಾರೆ ಪಾಪ. ನಾನು ಗೆರೆ ಹತ್ರ ನಿಂತು ಹೇಳ್ಕೊಡ್ತೀನಿ ಬಿಡಿ."

ಥ್ರೋಬಾಲಿನಲ್ಲಿ ಅಂಕಣದೊಳಗೆ ಒಂಬತ್ತು ಜನ ನಿಲ್ಲಬೇಕು. ಅವಳ ಜಾಗಕ್ಕೆ ಹೆಚ್ಚುವರಿಯಾಗಿ ಬಂದಿದ್ದ, ಮಗನ ಟ್ರ್ಯಾಕ್ ಪ್ಯಾಂಟಿನ ಹೆಂಗಸು ನಿಂತರು. ಅಂಪೈರ್ ಬಾರದೆ ಆ ಅಂಕಣಕ್ಕೆ ನಾನೇ ಸೀಟಿ ಹಿಡಿದೆ. ಒಂದು ಕಡೆ ಆತಿಥೇಯ ಊರಿನ ತಂಡ, ಪಳಗಿದವರು. ಇನ್ನೊಂದು ಕಡೆ ಮುಖದ ಬಣ್ಣ ಹೋದ ಅಡಿಕೆ ಸುಲಿಯುವ ಹೆಂಗಸರು. ಮೊದಲ ಸೆಟ್ ನೋಡನೋಡುತ್ತಿದ್ದಂತೆ ಆತಿಥೇಯರದ್ದಾಯಿತು. ನನಗೆ ಬೇಸರವಾಗಲಿಲ್ಲ. ಒಳಗೊಳಗೆ ಇದೇ ಬೇಕಾಗಿತ್ತು ಅನ್ನಿಸುತ್ತ ಹೋಯಿತು. ಅವಳಿಲ್ಲದೆ ಸೋಲಲಿ, ಆಗ ಊರಿಗೂ ಗೊತ್ತಾಗುತ್ತದೆ, ಅವಳಿಗೂ ಗೊತ್ತಾಗುತ್ತದೆ. ಅಂಪೈರ್ ಆದವಳು ಒಂದು ತಂಡ ಸೋಲಲಿ ಎಂದು ಬಯಸಬಾರದು. ನಾನು ಬಯಸಿದೆ.

ಅವರು ಸೋಲಲಿಲ್ಲ. ಎರಡನೇ ಸೆಟ್ಟಿನಲ್ಲಿ ಏನಾಯಿತೋ, ಬಹುಶಃ ಅವಳು ಗೆರೆಯ ಹೊರಗೆ ನಿಂತು ಒಂದೇ ಸಮ ಕೂಗಿ ಹೇಳುತ್ತಿದ್ದದ್ದು ಅವರ ಕಿವಿಗೆ ಬಿತ್ತು. "ಹಿಂದೆ ಹಾಕು, ಹಿಂದೆ. ಎಡಗಡೆಯವ್ರಿಗೆ ಬಗ್ಗಕ್ಕಾಗಲ್ಲ." ಎದುರಾಳಿಗಳ ಒಂದೊಂದೂ ದೌರ್ಬಲ್ಯ ಅವಳಿಗೆ ಗೊತ್ತಿತ್ತು. ಅವರ ಜೊತೆ ವರ್ಷಗಟ್ಟಲೆ ನೀರು ಸೇದಿದವಳು. ಎರಡನೇ ಸೆಟ್ ಇವರಿಗೆ ಬಂತು. ಮೂರನೆಯದರಲ್ಲಿ ಅಂಕಗಳು ಜೊತೆಜೊತೆಗೇ ಏರಿದವು. ಸುತ್ತ ನಿಂತವರು ಚಪ್ಪಾಳೆ ಮರೆತು ನೋಡುತ್ತಿದ್ದರು.

ಕೊನೆಯ ಅಂಕಕ್ಕೆ ಟ್ರ್ಯಾಕ್ ಪ್ಯಾಂಟಿನ ಹೆಂಗಸು ಎಸೆದ ಚೆಂಡು ಎದುರು ಅಂಕಣದ ಹಿಂದಿನ ಮೂಲೆಗೆ ಹೋಗಿ ಬಿತ್ತು. ಗೆರೆಯ ಹತ್ತಿರ ನಿಂತವನು ಬಾವುಟ ಎತ್ತಲಿಲ್ಲ, ಇಳಿಸಲಿಲ್ಲ, ನನ್ನ ಮುಖ ನೋಡಿದ. ಊರಿನವನು, ಕಷ್ಟ ಅವನದ್ದು. ಎಲ್ಲರೂ ನನ್ನ ಮುಖ ನೋಡಿದರು. ಹೊರಗೆ ಬಿತ್ತು ಎಂದು ಕೈ ತೋರಿಸಿದ್ದರೆ ಅಲ್ಲಿಗೆ ಪಂದ್ಯ ತಿರುಗುತ್ತಿತ್ತು. ಆತಿಥೇಯ ಊರಿನಲ್ಲಿ ಆತಿಥೇಯರ ಪರ ತೀರ್ಪು ಕೊಟ್ಟ ಅಂಪೈರನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಚೆಂಡು ಬಿದ್ದಾಗ ಗೆರೆಯ ಸುಣ್ಣದ ಪುಡಿ ಎದ್ದದ್ದನ್ನು ನಾನು ಕಂಡಿದ್ದೆ. ಗೆರೆ ಮುಟ್ಟಿದ್ದು ಒಳಗೇ ಎಂದು ಕೈ ನೆಲದ ಕಡೆ ತೋರಿಸಿ ಸೀಟಿ ಊದಿದೆ.

ನೀಲಿ ಟೀಶರ್ಟಿನವರು ಓಡಿ ಹೋಗಿ ಅವಳನ್ನು ಎತ್ತಿಕೊಂಡರು. ಟ್ರ್ಯಾಕ್ ಪ್ಯಾಂಟಿನ ಹೆಂಗಸು ಅಳುತ್ತಿದ್ದರು. "ನೀನು ಹೊರಗೆ ಕೂತಿದ್ದಕ್ಕೇ ಕಣೇ ಗೆದ್ದಿದ್ದು. ದೇವಿಗೆ ನೀನು ತಗ್ಗಿದ್ದು ಮುಟ್ತು" ಎಂದು ಅವಳ ಕೆನ್ನೆ ಹಿಡಿದರು. ಪ್ರೀತಿಯಿಂದಲೇ ಹೇಳಿದ್ದು, ಕೃತಜ್ಞತೆಯಿಂದ ಹೇಳಿದ್ದು. ಅತ್ತ ಅಜ್ಜಿ ದೇವಸ್ಥಾನದ ಕಡೆ ತಿರುಗಿ ಕೈಮುಗಿದರು. ಅವರ ಊರು ಸೋತಿತ್ತು, ಅವರಿಗೆ ಅದರ ಚಿಂತೆ ಇದ್ದ ಹಾಗೆ ಕಾಣಲಿಲ್ಲ. ಅವರ ಕೈ ತಪ್ಪು ಮಾಡಿರಲಿಲ್ಲ ಎನ್ನುವುದು ಊರಿಗೆಲ್ಲ ಗೊತ್ತಾಗಿತ್ತು. ಅಧ್ಯಕ್ಷರು ನನ್ನ ಹತ್ತಿರ ಬಂದು "ನೋಡಿದ್ರಾ ಮೇಡಂ" ಎಂದಷ್ಟೇ ಹೇಳಿ ಹೋದರು.

ಎರಡನೇ ಸುತ್ತಿನಲ್ಲೂ ಅವರೇ ಗೆದ್ದರು, ಹೆಚ್ಚು ಕಷ್ಟಪಡದೆ. ನಾನು ಹಾಳೆಯ ಹತ್ತಿರ ಹೋಗಿ ಅವರ ಹೆಸರನ್ನು ಇನ್ನೊಂದು ಗೀಟು ಮುಂದಕ್ಕೆ ಬರೆಯುವಾಗ ಅವಳು ನೀರಿನ ಬಾಟಲಿ ಹಿಡಿದು ಪಕ್ಕಕ್ಕೆ ಬಂದು ನಿಂತಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಕೂಗಿ ಕೂಗಿ ಗಂಟಲು ಬಿದ್ದಿತ್ತು. ಅಷ್ಟು ಖುಷಿಯಲ್ಲಿ ಅವಳನ್ನು ಹೈಸ್ಕೂಲು ಬಿಟ್ಟ ಮೇಲೆ ನಾನು ನೋಡಿರಲಿಲ್ಲ.

"ಇಲ್ಲಿಗೆ ಬಂದ್ವಲ್ಲ ಮೇಡಂ. ಮುಂದಿಂದು ಯಾರ ಮೇಲೆ?"

"ಆನಂದಪುರದವ್ರ ಮೇಲೆ. ಅವರನ್ನ ನಿನ್ನ ಸರ್ವಿಸ್ ಇಲ್ದೆ ಹೊಡೆಯಕ್ಕಾಗಲ್ಲ. ಈಗಾದ್ರೂ ಒಳಗೆ ಬಾ."

"ಬೇಡ ಮೇಡಂ."

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೆ. ನೀನು ಒಳಗಿದ್ದಿದ್ರೆ ಆ ಮೊದಲ್ನೇ ಸೆಟ್ಟೂ ನಿಮ್ಮದೇ ಆಗ್ತಿತ್ತು. ಅವರನ್ನ ಗೆಲ್ಸಿದ್ದು ಹೊರಗೆ ನಿಂತು ನೀನು ಹೇಳ್ಕೊಟ್ಟಿದ್ದು. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಅವಳು ನಕ್ಕಳು. ಹಟ ಹಿಡಿದ ಹಿರಿಯರನ್ನು ನೋಡಿ ಮನೆಯ ಹೆಣ್ಣುಮಕ್ಕಳು ನಗುವ ಹಾಗೆ.

"ಇರ್ಬೋದು ಮೇಡಂ. ನಿಮ್ಮಷ್ಟು ತಿಳಿದವಳಲ್ಲ ನಾನು. ಆದ್ರೆ ಒಂದು ಸಮಾಧಾನ ಆಯ್ತು. ಆ ಮನೆ ಬಿಟ್ಟು ಬಂದಾಗಿಂದ ತಪ್ಪು ಅವ್ರದ್ದಾ ನಂದಾ ಅಂತ ಒದ್ದಾಡ್ತಿದ್ದೆ. ಕೇಳೋದು ಯಾರ ಹತ್ರ? ಇವತ್ತು ಗೊತ್ತಾಯ್ತು ನೋಡಿ, ನಂದೇ."

ಇಷ್ಟು ಹೇಳಿ ಬಾಟಲಿಯನ್ನು ತಂಡದವರಿಗೆ ಕೊಡಲು ಓಡಿದಳು. ಮೈಕಿನಲ್ಲಿ ಅವರ ತಂಡದ ಹೆಸರನ್ನೂ ಆನಂದಪುರದವರ ಹೆಸರನ್ನೂ ಕೂಗಿ, ಅಂಪೈರ್ ಮೇಡಂ ಎಲ್ಲಿದ್ದರೂ ಬರಬೇಕು ಎಂದು ಎರಡೆರಡು ಸಲ ಕರೆದರು. ಈ ಸಲವೂ ಅವರು ಸೋಲಲಿ ಎಂದೇ ನನ್ನ ಮನಸ್ಸು ಬಯಸುತ್ತಿತ್ತು, ಗೆರೆಯ ಮೇಲೆ ಚೆಂಡು ಬಿದ್ದರೆ ನನ್ನ ಕೈಯನ್ನು ನಾನೇ ನಂಬುವಂತಿರಲಿಲ್ಲ. ನಾನು ಸೀಟಿಯನ್ನು ಕುತ್ತಿಗೆಯಿಂದ ತೆಗೆದು ಕಾರ್ಯದರ್ಶಿಯ ಕೈಗೆ ಕೊಟ್ಟು, ಆ ಪಂದ್ಯಕ್ಕೆ ಬೇರೆ ಯಾರನ್ನಾದರೂ ನಿಲ್ಲಿಸಿ ಎಂದೆ.